ಹುಲಿಗಿ ಪಿನ್ನಿನ ರೌಫ್‌ಸಾಬರು

ಗಂಗಾವತಿಯ ಹಳೇ ಓಣಿಗಳಲ್ಲಿ ನಿಂತು ಅಬ್ದುಲರೌಫ ಎಂಬವರ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳಲಾರರು. ಪಿನ್ನಿನ ರೌಫ್‌ಸಾಬರ ಮನೆ ಎಂದು ಕೇಳಿ, ಹೂ ಕಟ್ಟುತ್ತ ಕೂತವರೂ ಕೈ ತೋರಿಸುತ್ತಾರೆ. ತೋರಿಸಿ, "ಊಟಾ ಮಾಡ್ಕೊಂಡ ಹೋಗ್ರಿ ಮತ್ತ" ಎಂದು ಒಂದು ಬುದ್ಧಿಮಾತನ್ನೂ ಸೇರಿಸುತ್ತಾರೆ. ರೌಫ್‌ಸಾಬರ ಮನೆಯಲ್ಲಿ ಬಂದವರನ್ನು ಉಪವಾಸ ಕೆಡವುತ್ತಾರೆ ಎಂದು ಇದರ ಅರ್ಥವಲ್ಲ. ಚಹಾ ಮೇಲಿಂದ ಮೇಲೆ ಬರುತ್ತದೆ. ಆದರೆ ಒಳಗೆ ಹೋದವರು ಯಾವಾಗ ಹೊರಗೆ ಬರುತ್ತಾರೆ ಎಂದು ಹೇಳುವಂತಿಲ್ಲ. ರೌಫ್‌ಸಾಬರು ವಿವರಿಸುತ್ತಾರೆ.

ಅದಕ್ಕೆ ಕಾರಣವೂ ಇದೆ. ಹರೆಯದಿಂದ ತಲೆ ನರೆಯುವವರೆಗೆ ಅವರು ಕೊಪ್ಪಳದ ಕಡೆಯ ಒಂದು ಕಾರ್ಖಾನೆಯಲ್ಲಿ, ಎಂಜಿನ್ನಿನ ಸಣ್ಣ ಸಣ್ಣ ಭಾಗಗಳನ್ನು ಕಾಯಿಸಿ ಗಟ್ಟಿ ಮಾಡುವ ಶೆಡ್ಡಿನಲ್ಲಿ ದುಡಿದವರು. ಅಲ್ಲಿ ಭಟ್ಟಿಗೆ ಗಾಳಿ ಊದುವ ಯಂತ್ರಗಳ ಅಬ್ಬರದಲ್ಲಿ ಪಕ್ಕದವನ ಕೆಮ್ಮು ಕೂಡ ಕೇಳುತ್ತಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಕೈಸನ್ನೆಯಲ್ಲಿ ಹೇಳಬೇಕು. ಹೆಬ್ಬೆರಳು ಎತ್ತಿದರೆ ತೆಗೆ, ಅಂಗೈ ತೋರಿಸಿದರೆ ತಡೆ. ಕಾರ್ಖಾನೆಯವರು ಆ ಶೆಡ್ಡನ್ನು ಮುಚ್ಚಿ ಇವರನ್ನು ಮನೆಗೆ ಕಳಿಸಿದಾಗ, ಅಷ್ಟು ವರ್ಷ ಒಳಗೇ ಉಳಿದ ಮಾತು ಒಂದೇ ಸಮನೆ ಹೊರಬರತೊಡಗಿತು. ಕಾಲುವೆಗೆ ನೀರು ಬಿಟ್ಟ ಹಾಗೆ ಅದು ಮೊದಲು ಮನೆಯನ್ನೂ, ಆಮೇಲೆ ಓಣಿಯನ್ನೂ ತುಂಬಿತು.

ಮಾತಿನ ಜೊತೆಗೆ ಕೆಲಸವನ್ನೂ ಅವರು ಮನೆಗೆ ತಂದರು. ಹಿತ್ತಲಿನಲ್ಲಿ ಒಂದು ಹಳೆಯ ಡ್ರಮ್ಮಿಗೆ ಒಳಗಿನಿಂದ ಬೆಂಕಿ ತಡೆಯುವ ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತಿ ಭಟ್ಟಿ ಮಾಡಿಕೊಂಡರು. ಗಾಳಿಗೆ ಹಳೇ ಕೂಲರಿನ ಮೋಟರು. ಈ ಸೀಮೆಯಲ್ಲಿ ನದಿಗೆ ಹಚ್ಚುವ ಸಣ್ಣ ಪಂಪುಗಳು, ಔಷಧ ಹೊಡೆಯುವ ಯಂತ್ರಗಳು, ಕಳೆ ತೆಗೆಯುವ ಯಂತ್ರಗಳು ಮನೆಗೊಂದರಂತೆ ಇವೆ. ಅವುಗಳಲ್ಲಿ ಅರ್ಧ, ತಯಾರಿಸಿದ ಕಂಪನಿಯೇ ಮರೆತುಹೋದಷ್ಟು ಹಳೆಯವು. ಎಂಜಿನ್ನಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನನ್ನು ಅದರ ದಂಡಕ್ಕೆ ಸೇರಿಸುವ ಪಿನ್ನು ಸವೆದರೆ ಬೇರೆ ಸಿಗುವುದಿಲ್ಲ. ಕಿರುಬೆರಳಿನ ಗಾತ್ರದ ಆ ಪಿನ್ನಿಗಾಗಿ ಇಡೀ ಎಂಜಿನ್ನನ್ನು ಗುಜರಿಗೆ ಹಾಕುವವರಿಗೆ ರೌಫ್‌ಸಾಬರು ಹೊಸ ಪಿನ್ನು ಮಾಡಿಕೊಡತೊಡಗಿದರು.

ಅವರು ಅರ್ಧ ದಿನ ಹೇಳುವುದನ್ನು ನಾನಿಲ್ಲಿ ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೆತ್ತನೆಯ ಕಬ್ಬಿಣದ ಸಲಾಕೆಯಿಂದ ಲೇಥಿನ ಮೇಲೆ ಪಿನ್ನು ಮಾಡಿಸಬೇಕು. ತೆಂಗಿನ ಚಿಪ್ಪಿನ ಇದ್ದಿಲನ್ನು ಪುಡಿ ಮಾಡಿ, ಬಟ್ಟೆ ಒಗೆಯುವ ಸೋಡಾ ಸ್ವಲ್ಪ ಬೆರೆಸಿ, ಆ ಪುಡಿಯಲ್ಲಿ ಪಿನ್ನನ್ನು ಹುಗಿದು, ಕಬ್ಬಿಣದ ಡಬ್ಬಿಯ ಬಾಯಿಗೆ ಮಣ್ಣು ಮೆತ್ತಿ, ಭಟ್ಟಿಯಲ್ಲಿ ತಾಸುಗಟ್ಟಲೆ ಕೆಂಪಗೆ ಕಾಯುತ್ತ ಇರಲು ಬಿಡಬೇಕು. ಅಷ್ಟು ಹೊತ್ತಿನಲ್ಲಿ ಕಬ್ಬಿಣ ಇದ್ದಿಲಿನ ಸತ್ವ ಕುಡಿದು ಹೊರಮೈಯಲ್ಲಿ ಉಕ್ಕಾಗುತ್ತದೆ. ಕೆಂಪಗಿರುವಾಗಲೇ ಎಣ್ಣೆಯಲ್ಲಿ ಅದ್ದಿದರೆ ಕಬ್ಬಿಣ ಸವೆಸುವ ಅರ ಉಜ್ಜಿದರೂ ಜಾರುವಷ್ಟು ಗಟ್ಟಿ. ಇಷ್ಟಕ್ಕೇ ಬಿಟ್ಟರೆ ಮಾತ್ರ ಅದು ಗಾಜಿನಂತೆ ಗಟ್ಟಿಯಾಗಿ ಗಾಜಿನಂತೆಯೇ ಒಡೆಯುತ್ತದೆ. ಆದ್ದರಿಂದ ಕೊನೆಗೊಮ್ಮೆ ಅದನ್ನು ಹಗುರ ಕಾವಿನಲ್ಲಿಟ್ಟು ಗಡಸುತನವನ್ನು ಒಂದಿಷ್ಟು ಇಳಿಸಬೇಕು. ಇದಕ್ಕೆ ರೌಫ್‌ಸಾಬರು ಹದ ಕೊಡುವುದು ಎನ್ನುತ್ತಾರೆ.

ಹದ ಕೊಡಲು ಅವರ ಬಳಿ ಬೇರೆ ಸಾಧನವಿರಲಿಲ್ಲ. ಹೆಂಡತಿ ನಸೀಮಾಬಿ ನಾನ್‌ಖಟಾಯಿ ಎಂಬ ಬಿಸ್ಕತ್ತು ಮಾಡಿ ಚಹಾದಂಗಡಿಗಳಿಗೆ ಕೊಡುತ್ತಿದ್ದಳು. ಅವಳ ಕರೆಂಟಿನ ಓವನ್ನಿನಲ್ಲಿ ಮೇಲಿನ ತಟ್ಟೆಯಲ್ಲಿ ನಾನ್‌ಖಟಾಯಿ, ಕೆಳಗಿನ ತಟ್ಟೆಯಲ್ಲಿ ಪಿನ್ನು. ಮೇಲಿನದಕ್ಕೆ ತೆಳು ಹೊಂಬಣ್ಣ ಬಂತೆಂದರೆ ಕೆಳಗಿನದಕ್ಕೂ ಸರಿಸುಮಾರು ಅದೇ ಬಣ್ಣ ಬರುತ್ತಿತ್ತು. ಎಣ್ಣೆ ವಾಸನೆಯ ಬಗ್ಗೆ ಇಬ್ಬರಿಗೂ ಜಗಳವಾಗಿ, ಪಿನ್ನುಗಳನ್ನು ಸೋಡಾ ನೀರಿನಲ್ಲಿ ಕುದಿಸಿ ಒರೆಸಿ ತಂದರೆ ಮಾತ್ರ ಓವನ್ನಿನ ಬಾಗಿಲು ತೆರೆಯುವುದೆಂದು ನಸೀಮಾಬಿ ಕಾನೂನು ಮಾಡಿದ್ದಳು.

ಚಿಪ್ಪುಗಳು ಬರುತ್ತಿದ್ದುದು ಹುಲಿಗಿಯಿಂದ. ಹುಲಿಗೆಮ್ಮನ ಜಾಗದಲ್ಲಿ ಒಡೆಯುವ ಕಾಯಿಗೆ ಲೆಕ್ಕವಿಲ್ಲ. ಭಕ್ತರು ಕೊಬ್ಬರಿ ತಿಂದು ಬಿಸಾಡಿದ ಚಿಪ್ಪುಗಳನ್ನು, ಅಲ್ಲೇ ಕಾಯಿ ಮಾರುವ ಮಾರೆವ್ವ ಎಂಬ ಮುದುಕಿ ಚೀಲದಲ್ಲಿ ತುಂಬಿ ಇಡುತ್ತಿದ್ದಳು. ಸುಮ್ಮನೆ ಬಿದ್ದಿರುವ ವಸ್ತು, ದಾರಿಯ ಮೇಲಿನ ಊರು. ರೌಫ್‌ಸಾಬರು ಹುಲಿಗಿಯನ್ನು ಆರಿಸಿಕೊಂಡದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವಿರಲಿಲ್ಲ.

ಕತೆ ಶುರುವಾದದ್ದು ಆನೆಗೊಂದಿಯ ವಿರುಪಣ್ಣನಿಂದ. ವಿರುಪಣ್ಣನಿಗೆ ನದಿ ದಂಡೆಯಲ್ಲಿ ಬಾಳೆ ತೋಟ, ಅದಕ್ಕೆ ನೀರೆತ್ತಲು ತಂದೆಯ ಕಾಲದ ಒಂದು ಸಣ್ಣ ಪಂಪು. ಅದರ ಪಿನ್ನು ವರ್ಷಕ್ಕೊಮ್ಮೆ ಸವೆದು ಎಂಜಿನ್ನು ತಟತಟ ಎನ್ನುತ್ತಿತ್ತು. ರೌಫ್‌ಸಾಬರು ಮಾಡಿಕೊಟ್ಟ ಪಿನ್ನು ಮಾತ್ರ ಎರಡು ಬೆಳೆ ಕಳೆದರೂ ಅಲ್ಲಾಡಲಿಲ್ಲ. ವಿರುಪಣ್ಣ ಬಾಳೆಗೊನೆ ಹೊತ್ತುಕೊಂಡು ಗಂಗಾವತಿಗೆ ಬಂದ.

"ಸಾಬ್ರ, ಏನ್ ಮಾಡೀರಿ ಇದಕ? ಹೇಳ್ರಿ ನೋಡೂಣು."

ಕೇಳಬಾರದಿತ್ತು. ರೌಫ್‌ಸಾಬರ ಮುಖ ಅರಳಿತು. ಚಾಪೆ ಹಾಸಿ, ಭೂಮಿಯ ಹೊಟ್ಟೆಯಲ್ಲಿ ಕಬ್ಬಿಣ ಹೇಗೆ ಹುಟ್ಟಿತು ಎಂಬಲ್ಲಿಂದ ಶುರು ಮಾಡಿದರು. ಸಂಡೂರಿನ ಗುಡ್ಡಗಳು ಬಂದವು. ಹಿಂದಿನ ಕಾಲದ ಕತ್ತಿಗಳು ಬಂದವು. ಕಾರ್ಖಾನೆಯ ಒಬ್ಬ ಮೇಸ್ತ್ರಿಯ ಮೂಗು ಸುಟ್ಟ ಪ್ರಸಂಗ ಬಂತು. ಹೊಲದಿಂದ ಬಂದ ಆಯಾಸ, ನಸೀಮಾಬಿಯ ಮನೆಯ ಊಟ, ಮೇಲೆ ತಿರುಗುವ ಫ್ಯಾನು. ವಿರುಪಣ್ಣನ ಕಣ್ಣು ಮುಚ್ಚಿತು. ನಡುವೆ ಒಮ್ಮೆ ಎಚ್ಚರವಾದಾಗ ಕಿವಿಗೆ ಬಿದ್ದದ್ದು ಎರಡೇ ಶಬ್ದ: ಹುಲಿಗಿ, ತೆಂಗಿನಕಾಯಿ. ಅಷ್ಟು ಸಾಕಾಯಿತು. ಮತ್ತೆ ಮಲಗಿದ. ಹದ ಕೊಡುವ ಮಾತು ಬರುವ ಹೊತ್ತಿಗೆ ಅವನು ಗೊರಕೆ ಹೊಡೆಯುತ್ತಿದ್ದ. ರೌಫ್‌ಸಾಬರು ಗೊರಕೆಯನ್ನು ಹೂಂಗುಟ್ಟುವಿಕೆ ಎಂದು ತಿಳಿದು ಮುಗಿಸಿದರು.

ಮರುದಿನ ಆನೆಗೊಂದಿಯ ಚಹಾದಂಗಡಿಯಲ್ಲಿ ವಿರುಪಣ್ಣ ಹೇಳಿದ: "ಅದು ಬರೇ ಪಿನ್ ಅಲ್ರಪಾ. ಅಮ್ಮನ ಕಾಯಿ ಹಾಕಿ ಮಾಡ್ಯಾರ. ಹುಲಿಗೆಮ್ಮ ಅದರಾಗ ಕುಂತಾಳ."

ಮಾತು ನದಿಯ ಕವಲು ದಾಟಿ ವಿರೂಪಾಪುರಗಡ್ಡೆಗೆ ಹೋಯಿತು, ಅಲ್ಲಿಂದ ಕಾಲುವೆಯ ಗುಂಟ ಗದ್ದೆ ಗದ್ದೆಗೆ ಹರಿಯಿತು. ಬೆಳೆಗಾರರು ಬಂದು "ಹುಲಿಗಿ ಪಿನ್ ಕೊಡ್ರಿ" ಎಂದು ಕೇಳತೊಡಗಿದರು. ರೌಫ್‌ಸಾಬರು ಬೆಚ್ಚಿಬಿದ್ದರು.

"ಹಂಗೇನಿಲ್ರಿ. ಯಾವ ಊರಿನ ಚಿಪ್ಪಾದ್ರೂ ನಡೀತತಿ. ಕೂಡ್ರಿ, ಹೇಳ್ತೀನಿ."

ಅವರು ಕೂರಲಿಲ್ಲ. ಅರ್ಥವಾಯಿತು ಎಂಬಂತೆ ಕಣ್ಣು ಮಿಟುಕಿಸಿ, ಪಿನ್ನನ್ನು ಹಣೆಗೊತ್ತಿಕೊಂಡು ಹೋದರು. ಗುಟ್ಟಿದ್ದವರು ಗುಟ್ಟಿಲ್ಲ ಎಂದೇ ಹೇಳುತ್ತಾರೆ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಇತ್ತ ಹುಲಿಗಿಯಲ್ಲಿ ಮಾರೆವ್ವ, ಬಿಸಾಡಿದ ಚಿಪ್ಪಿನ ಚೀಲಗಳಿಗೆ ಕುಂಕುಮ ಹಚ್ಚಿ ಇಡಲು ಶುರು ಮಾಡಿದಳು.

ಇಷ್ಟಾದ ಮೇಲೆ ಸನ್ಮಾನ ಆಗದಿರಲು ಸಾಧ್ಯವೇ? ಪಂಪಿನ ಮಾಲೀಕರು ಸೇರಿ ಕಟ್ಟಿಕೊಂಡಿದ್ದ ಒಂದು ಸಂಘ, ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಶಾಮಿಯಾನ ಹಾಕಿಸಿತು. ರೌಫ್‌ಸಾಬರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮತ್ತು 'ಲೋಹ ತಪಸ್ವಿ' ಎಂದು ಕೊರೆಸಿದ ಒಂದು ಫಲಕ. ವೇದಿಕೆಯ ಮೇಲೆ ಕೂತವರ ಸಂಖ್ಯೆ ಕೆಳಗೆ ಕೂತವರಿಗೆ ಹತ್ತಿರ ಹತ್ತಿರ ಇತ್ತು. ಒಬ್ಬರಾದ ಮೇಲೆ ಒಬ್ಬರು ಎದ್ದು ಸೌಹಾರ್ದದ ಬಗ್ಗೆ ಮಾತಾಡಿದರು.

"ಸಾಬರ ಕೈ, ಅಮ್ಮನ ಕಾಯಿ! ಇದೇ ನಮ್ಮ ನಾಡು!" ಎಂದು ಒಬ್ಬರು ಮೇಜು ಗುದ್ದಿದರು. ಚಪ್ಪಾಳೆ ಬಿತ್ತು. ನಂತರ ಬಂದವರೂ ಅದನ್ನೇ ಹೇಳಿ ಅಷ್ಟೇ ಚಪ್ಪಾಳೆ ಪಡೆದರು. ಪಿನ್ನು ಅಂದರೆ ಏನು, ಅದು ಎಂಜಿನ್ನಿನಲ್ಲಿ ಎಲ್ಲಿ ಕೂರುತ್ತದೆ ಎಂದು ಯಾರೂ ಹೇಳಲಿಲ್ಲ. ಒಬ್ಬರಂತೂ ಅದನ್ನು ಕೊನೆಯವರೆಗೂ ಸೂಜಿ ಎಂದೇ ತಿಳಿದಿದ್ದರು.

ಕಡೆಗೆ ಮೈಕು ರೌಫ್‌ಸಾಬರ ಕೈಗೆ ಬಂತು. ಇಷ್ಟು ಜನ ಒಟ್ಟಿಗೆ, ತಮ್ಮ ಕಡೆ ಮುಖ ಮಾಡಿ, ಕುರ್ಚಿಯಲ್ಲಿ ಕೂತದ್ದನ್ನು ಅವರು ಕಂಡೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. "ಕಬ್ಬಿಣ ಅನ್ನೋದು ಭೂಮಿತಾಯಿ ಹೊಟ್ಟ್ಯಾಗ..." ಎಂದು ಶುರು ಮಾಡಿದರು. ಶಾಮಿಯಾನದ ಹಿಂದೆ ಪಲಾವಿನ ಪಾತ್ರೆಯ ಮುಚ್ಚಳ ತೆರೆದ ಸದ್ದಾಯಿತು. ಹಿಂದಿನ ಸಾಲು ಖಾಲಿಯಾಯಿತು. ಇದ್ದಿಲು, ಸೋಡಾ ಬರುವ ಹೊತ್ತಿಗೆ ನಡುವಿನ ಸಾಲುಗಳೂ ಎದ್ದವು. ಎಣ್ಣೆಯಲ್ಲಿ ಅದ್ದುವಾಗ ವೇದಿಕೆಯ ಮೇಲಿನ ಗಣ್ಯರು ಗಡಿಯಾರ ನೋಡಿಕೊಂಡರು.

"ಇನ್ನ ಕಡೀ ಮಾತು. ಇದು ಎಲ್ಲಾದಕ್ಕಿಂತ ಮುಖ್ಯ, ಲಕ್ಷ್ಯ ಕೊಟ್ಟು ಕೇಳ್ರಿ," ಎಂದು ರೌಫ್‌ಸಾಬರು ಉಸಿರೆಳೆದುಕೊಂಡರು.

ಆ ಉಸಿರಿನ ಸಂದಿಯಲ್ಲಿ ಸಂಘದ ಕಾರ್ಯದರ್ಶಿ ಅಯ್ಯಪ್ಪ ಮೈಕನ್ನು ನಯವಾಗಿ ಬಿಡಿಸಿಕೊಂಡು, "ಸಮಯದ ಅಭಾವದಿಂದ ಈಗ ವಂದನಾರ್ಪಣೆ" ಎಂದು ಘೋಷಿಸಿದ. ವಂದನಾರ್ಪಣೆ ಮುಗಿಯುವಷ್ಟರಲ್ಲಿ ಪಲಾವು ಆರಿಹೋಗಿತ್ತು.

ಕೆಳಗೆ ಮುಂದಿನ ಸಾಲಿನಲ್ಲಿ ಕೂತು, ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಳ್ಳುತ್ತಿದ್ದವನು ಆಂಜನೇಯ. ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ಎಂಜಿನ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದ ಹುರುಪಿನ ಮನುಷ್ಯ. ಚಪ್ಪಾಳೆ ಎಲ್ಲಿ ಬಿತ್ತು ಎಂಬುದನ್ನು ಅವನು ಚೆನ್ನಾಗಿ ಗಮನಿಸಿದ್ದ. ವಾರದೊಳಗೆ ಹಣ್ಣು ಹಿಡಿದುಕೊಂಡು ರೌಫ್‌ಸಾಬರ ಮನೆಗೆ ಬಂದ.

"ಚಾಚಾ, ನನಗೂ ಕಲಸ್ರಿ. ನಿಮ್ಮ ಹೆಸರ್ಲೇ ಒಂದೀಟು ಕೆಲಸ ಮಾಡ್ತೀನಿ."

"ಬಾ ತಮ್ಮಾ, ಕೂಡು. ಇದರಾಗ ಗುಟ್ಟೇನಿಲ್ಲ," ಎಂದರು ರೌಫ್‌ಸಾಬರು. ಇಂಥವನೊಬ್ಬ ಬರಲಿ ಎಂದೇ ಅವರು ಕಾಯುತ್ತಿದ್ದರು.

ಆಂಜನೇಯ ಚುರುಕು. ಸಂಡೂರಿನ ಗುಡ್ಡಗಳನ್ನೂ ಮೇಸ್ತ್ರಿಯ ಮೂಗನ್ನೂ ತಾಳಿಕೊಂಡ. ಡಬ್ಬಿ ತುಂಬುವುದನ್ನು ನೋಡಿದ, ಮಣ್ಣು ಮೆತ್ತುವುದನ್ನು ನೋಡಿದ, ಕೆಂಪಗಾದ ಪಿನ್ನು ಎಣ್ಣೆಗೆ ಬಿದ್ದು ಚುಂಯ್ ಎಂದಾಗ ಫೋಟೋ ತೆಗೆದ. ಅರ ಉಜ್ಜಿ ನೋಡಿದ. ಅರ ಜಾರಿತು. ಅವನ ಎದೆ ತುಂಬಿ ಬಂತು. ಅಷ್ಟರಲ್ಲಿ ಅಂಗಡಿಯಿಂದ ಫೋನು ಬರತೊಡಗಿತು.

"ಆತಲ್ಲ ಚಾಚಾ? ನಾ ಬರ್ತೀನಿ."

"ಏ, ಎಲ್ಲಿ ಆತು? ನಡಿ ಒಳಗ. ಇನ್ನ ನಾನ್‌ಖಟಾಯಿ ಐತಲ್ಲ."

"ಬ್ಯಾಡ್ರಿ ಚಾಚಾ, ಶುಗರ್ ಐತಿ ನನಗ," ಎಂದು ಆಂಜನೇಯ ಕೈಮುಗಿದ.

"ತಿನ್ನಾಕ ಅಲ್ಲೋ..." ಎಂದು ರೌಫ್‌ಸಾಬರು ಹೇಳುವಷ್ಟರಲ್ಲಿ ಅವನ ಬೈಕು ಓಣಿಯ ತಿರುವಿನಲ್ಲಿತ್ತು. ಇಷ್ಟು ಒಳ್ಳೆಯ ಮನೆತನ, ಕಲಿಸಿಯೂ ಕಲಿಸಿ ಸಿಹಿಯನ್ನೂ ತಿನ್ನಿಸುತ್ತಾರೆ ಎಂದು ಅವನು ದಾರಿಯುದ್ದಕ್ಕೂ ಮೆಚ್ಚಿಕೊಂಡು ಹೋದ.

ಆ ಮುಂಗಾರಿನ ಹೊತ್ತಿಗೆ ಆಂಜನೇಯನ ಅಂಗಡಿಯಲ್ಲಿ 'ಹುಲಿಗಿ ಪವರ್ ಪಿನ್' ಬಂತು. ಹೊಳೆಯುವ ಪೊಟ್ಟಣ, ಅದರ ಮೇಲೆ ಒಡೆದ ತೆಂಗಿನಕಾಯಿ, ಕಾಯಿಯಿಂದ ನಾಲ್ಕೂ ದಿಕ್ಕಿಗೆ ಬೆಳಕಿನ ಕಿರಣ. 'ವಜ್ರದಷ್ಟು ಗಟ್ಟಿ' ಎಂದು ಕೆಂಪಕ್ಷರ. ರೌಫ್‌ಸಾಬರ ಪಿನ್ನುಗಳು ಹಳೇ ಪೇಪರಿನಲ್ಲಿ ಸುತ್ತಿ ಬರುತ್ತಿದ್ದವು. ಪೊಟ್ಟಣದ ಮುಂದೆ ಅವು ಬಡವಾಗಿ ಕಂಡವು. ಅದೂ ಅಲ್ಲದೆ ಆಂಜನೇಯನ ಅಂಗಡಿಯಲ್ಲಿ ವಿವರಣೆ ಇರಲಿಲ್ಲ. ಹೋದವರು ಕ್ಷಣದಲ್ಲಿ ಪಿನ್ನು ಹಿಡಿದು ಹೊರಬರಬಹುದಿತ್ತು. ಆ ದಿನಗಳಲ್ಲಿ ರೌಫ್‌ಸಾಬರು ಊರಲ್ಲೂ ಇರಲಿಲ್ಲ. ಕುಷ್ಟಗಿಯಲ್ಲಿ ಮಗಳು ಖುಷ್ಬು ಹೊಸ ಮನೆ ಕಟ್ಟಿಸಿದ್ದಳು. ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೋಗಿದ್ದರು. ಅಲ್ಲಿ ಅಳಿಯನಿಗೆ ಬಾಗಿಲಿನ ಬಿಜಾಗರಿಯ ಕಬ್ಬಿಣ ಎಂಥದು ಎಂಬ ವಿವರಣೆ ನಡೆಯುತ್ತಿತ್ತು.

ಸಸಿ ನಾಟಿಯ ಕಾಲ. ವಿರುಪಣ್ಣನೂ, ಇದ್ದ ಪಿನ್ನು ಗಟ್ಟಿಯಾಗಿದ್ದರೂ, ವಜ್ರದ ಆಸೆಗೆ ಹೊಸ ಪೊಟ್ಟಣ ಒಯ್ದು ಪಂಪಿಗೆ ಹಾಕಿಸಿದ. ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ಹಗ್ಗ ಎಳೆದ. ಎಂಜಿನ್ನು ಒಂದಿಷ್ಟು ಹೊತ್ತು ಸೊಗಸಾಗಿ ಹಾಡಿತು. ಆಮೇಲೆ ಒಳಗೆ ಏನೋ ಪಟ್ ಎಂದಿತು. ಬಿಚ್ಚಿ ನೋಡಿದರೆ ಪಿನ್ನು ಮೂರು ತುಂಡು, ಅದರ ಜೊತೆಗೆ ಪಿಸ್ಟನ್ನೂ ಸೀಳಿತ್ತು. ಗಡ್ಡೆಯ ಕಡೆಯೂ ಹೀಗೇ ಆಯಿತು. ಕಾರಟಗಿಯ ಕಡೆಯಿಂದಲೂ ಸುದ್ದಿ ಬಂತು. ಜನ ಆಂಜನೇಯನ ಅಂಗಡಿಯ ಮುಂದೆ ಚೂರುಗಳನ್ನು ಹಿಡಿದು ನಿಂತರು.

ಪಿನ್ನು ಮಾಡಿದ ರೀತಿಯಲ್ಲಿ ತಪ್ಪಿರಬಹುದು ಎಂದು ಯಾರಿಗೂ ಅನ್ನಿಸಲಿಲ್ಲ. ತಪ್ಪು ಕಾಯಿಯದೇ ಇರಬೇಕು. ವಿರುಪಣ್ಣ ನಾಲ್ಕು ಜನರನ್ನು ಕರೆದುಕೊಂಡು, ಆಂಜನೇಯನ ಹಿತ್ತಲಿನಿಂದ ಒಂದಿಷ್ಟು ಚಿಪ್ಪು ಎತ್ತಿಕೊಂಡು, ಹುಲಿಗಿಗೆ ಹೋಗಿ ಮಾರೆವ್ವನ ಮುಂದೆ ಸುರಿದ. ಮುದುಕಿ ಒಂದೊಂದನ್ನೇ ಎತ್ತಿ ತಿರುವಿ, ಮೂಸಿ ನೋಡಿದಳು.

"ಇವು ನಮ್ಮ ಚಿಪ್ಪಲ್ಲೋ ಯಪ್ಪಾ. ಹೋಟಲ್ ಚಿಪ್ಪು. ಇವಕ್ಕ ಚಟ್ನಿ ವಾಸನಿ ಐತಿ."

ಅದು ನಿಜವೇ ಆಗಿತ್ತು. ಹುಲಿಗಿಯವರೆಗೆ ಯಾಕೆ ಹೋಗಬೇಕು ಎಂದು ಆಂಜನೇಯ ಪಕ್ಕದ ಖಾನಾವಳಿಯ ಚಿಪ್ಪನ್ನೇ ಬಳಸಿದ್ದ. ಊರು ಉರಿದೆದ್ದಿತು. ಅಮ್ಮನ ಹೆಸರಿನಲ್ಲಿ ಖಾನಾವಳಿಯ ಚಿಪ್ಪು! ಆಂಜನೇಯ ಎಲ್ಲರ ಮುಂದೆ ತಪ್ಪು ಕಾಣಿಕೆ ಒಪ್ಪಿಸಿ, ಮಾರೆವ್ವನ ಬಳಿಯಿದ್ದ ಚೀಲಗಳನ್ನೆಲ್ಲ ಕೊಂಡು, ಕುಂಕುಮ ಹಚ್ಚಿದ ಚೀಲಗಳು ಟ್ರ್ಯಾಕ್ಟರು ಏರುವುದನ್ನು ವಿಡಿಯೋ ಮಾಡಿ ಎಲ್ಲರ ಫೋನಿಗೂ ಕಳಿಸಿದ. ಪೊಟ್ಟಣದ ಮೇಲೆ 'ಅಸಲಿ' ಎಂಬ ಶಬ್ದ ಸೇರಿತು. ಈ ಸಲ ಇನ್ನೂ ಗಟ್ಟಿಯಾಗಲಿ ಎಂದು ಭಕ್ತಿಯಿಂದ ಡಬ್ಬಿಯನ್ನು ಭಟ್ಟಿಯಲ್ಲಿ ಇನ್ನಷ್ಟು ಹೆಚ್ಚು ಹೊತ್ತು ಬಿಟ್ಟ. ಪಿನ್ನು ಹೊರಮೈ ದಾಟಿ ಒಳಗಿನವರೆಗೂ ಗಾಜಾಯಿತು. ಅಸಲಿ ಪಿನ್ನುಗಳು ನಕಲಿಗಿಂತ ಬೇಗ ಒಡೆದವು. ಒಂದಂತೂ ಅಂಗಡಿಯ ಕಟ್ಟೆಯಿಂದ ಕೆಳಗೆ ಬಿದ್ದೇ ಎರಡಾಯಿತು.

ಆಗ ಊರು ಹೊಸ ತೀರ್ಮಾನಕ್ಕೆ ಬಂತು. ಚಿಪ್ಪು ಸರಿಯಿದ್ದರೂ ಒಡೆಯುತ್ತದೆ ಎಂದರೆ ಶಕ್ತಿ ಇರುವುದು ಸಾಬರ ಕೈಯಲ್ಲಿ. ಅವರು ಪಿನ್ನಿನ ಮೇಲೆ ಮಂತ್ರದಂಥದ್ದೇನೋ ಓದಿ ಊದುತ್ತಾರೆ.

ಕುಷ್ಟಗಿಯಿಂದ ಮರಳಿದ ರೌಫ್‌ಸಾಬರ ಮನೆ ಮುಂದೆ ಗುಂಪು ನಿಂತಿತ್ತು. ಒಬ್ಬ ಅಂಗಡಿಯಿಂದ ತಂದ ಕಂಪನಿ ಪಿನ್ನನ್ನೇ ಮುಂದೆ ಹಿಡಿದು, "ಇದನ್ನೊಂದು ಮುಟ್ಟಿ ಕೊಡ್ರಿ ಸಾಬ್ರ, ಸಾಕು" ಎಂದ. ಇನ್ನೊಬ್ಬನಿಗೆ ಪಿನ್ನೇ ಬೇಕಿರಲಿಲ್ಲ. ಅವನ ಎಮ್ಮೆ ಒದೆಯುತ್ತಿತ್ತು.

"ನಾ ಏನೂ ಓದಂಗಿಲ್ರಪಾ!" ಎಂದು ರೌಫ್‌ಸಾಬರು ಕೂಗಿದರು. "ಓದಿದ್ದು ನಾಕನೇತ್ತಾ. ಕೂಡ್ರಿ, ಎಲ್ಲಾ ಬಿಡಿಸಿ ಹೇಳ್ತೀನಿ."

ಕೂಡ್ರಿ ಎಂಬ ಶಬ್ದ ಕೇಳಿದ್ದೇ ತಡ, ಗುಂಪು ತಾನಾಗಿ ಕರಗಿತು. ಪೊಲೀಸರಿಗೂ ಅಷ್ಟು ಬೇಗ ಸಾಧ್ಯವಾಗುತ್ತಿರಲಿಲ್ಲ.

ಸಂಜೆ ಆಂಜನೇಯ ಬಂದ. ಮುಖ ಇಳಿದುಹೋಗಿತ್ತು. ಅವನ ಅಂಗಡಿಗೆ ನೊಣ ಕೂಡ ಬರುತ್ತಿರಲಿಲ್ಲ. ಬಂದವನೇ ಕಟ್ಟೆಯ ಮೇಲೆ ಕುಸಿದು ಕೂತು ಹೇಳಿದ:

"ಚಾಚಾ, ನಾ ನಿಮಗ ಏನ್ ಅನ್ಯಾಯ ಮಾಡಿದ್ದೆ? ಎಲ್ಲಾ ಹೇಳಿದಂಗ ಮಾಡಿ ಒಂದು ಮಾತು ಮುಚ್ಚಿಟ್ರಿ."

ರೌಫ್‌ಸಾಬರನ್ನು ಮಾತು ಜಾಸ್ತಿ ಎಂದು ಬೈದವರಿದ್ದರು, ಕಿವಿ ಮುಚ್ಚಿಕೊಂಡವರಿದ್ದರು, ಅವರನ್ನು ದೂರದಿಂದ ಕಂಡು ಸಂದಿಗೆ ಹೊಕ್ಕವರಿದ್ದರು. ಮಾತು ಮುಚ್ಚಿಟ್ಟರು ಎಂದು ಈವರೆಗೆ ಯಾರೂ ಅವರ ಮೇಲೆ ಅಪವಾದ ಹೊರಿಸಿರಲಿಲ್ಲ.

"ನಾನು? ಮುಚ್ಚಿಟ್ಟೆ?"

ಒಳಗಿನಿಂದ ನಸೀಮಾಬಿ ಬಂದಳು. ಬೆಳಗಿನಿಂದ ಬಾಗಿಲಿಗೆ ಬಂದವರಿಗೆ ಉತ್ತರ ಹೇಳಿ ಅವಳ ತಾಳ್ಮೆ ಮುಗಿದಿತ್ತು.

"ಅವರು ಮುಚ್ಚಿಟ್ಟಿಲ್ಲಪಾ, ನೀ ಎದ್ದು ಹೋದಿ," ಎಂದಳು. "ನನ್ನ ಗಂಡನ ಮಾತು ಅರ್ಧಕ್ಕ ಬಿಟ್ಟು ಓಡಿದವರದ್ದೆಲ್ಲಾ ತಿರುಗಿ ನನ್ನ ಬಾಗಲಿಗೇ ಬರಾಕತ್ತೈತಿ. ಇವತ್ತ ಕಡೀತನಕ ಕೇಳಬೇಕು. ಎಲ್ಲಿ, ಆ ಫೋನ್ ಕೊಡು."

"ಚಾಚೀ, ಅಂಗಡಿ ಕಡಿಂದ..."

"ಕೊಡು ಅಂದ್ನಿ."

ಫೋನು ಮೈದಾ ಹಿಟ್ಟಿನ ಡಬ್ಬಿಯೊಳಗೆ ಹೋಯಿತು. ಮುಚ್ಚಳ ಬಿತ್ತು. ರೌಫ್‌ಸಾಬರು ಚಾಪೆ ಹಾಸಿದರು.

ಅಂದು ಆಂಜನೇಯ ಅನುಭವಿಸಿದ್ದನ್ನು ಪೂರ್ತಿ ಬರೆದರೆ ಓದುವವರಿಗೂ ಅದೇ ಗತಿ. ಭೂಮಿಯ ಹೊಟ್ಟೆಯಿಂದ ಕಬ್ಬಿಣ ಮತ್ತೊಮ್ಮೆ ಹೊರಬಂತು. ಮೇಸ್ತ್ರಿಯ ಮೂಗು ಮತ್ತೊಮ್ಮೆ ಸುಟ್ಟಿತು. ಹಿಟ್ಟಿನ ಡಬ್ಬಿ ನಡುನಡುವೆ ಗುರ್ ಗುರ್ ಎನ್ನುತ್ತಿತ್ತು. ಆಂಜನೇಯ ಅದರ ಕಡೆ ನೋಡುವನು, ನಸೀಮಾಬಿ ಅವನ ಕಡೆ ನೋಡುವಳು. ಚಹಾ ಬಂತು, ಹೋಯಿತು, ಮತ್ತೆ ಬಂತು. ಕಡೆಗೆ ಎಣ್ಣೆಯಲ್ಲಿ ಅದ್ದುವ ಹಂತವೂ ದಾಟಿತು. ರೌಫ್‌ಸಾಬರು ನಿಂತರು. ಕೇಳುವವರು ಎಚ್ಚರವಾಗಿರುವಾಗ ಅವರ ಮಾತು ಇಲ್ಲಿಂದ ಮುಂದಕ್ಕೆ ಹೋದದ್ದೇ ಇರಲಿಲ್ಲ.

"ಇನ್ನ ಕಡೀ ಮಾತು," ಎಂದರು, ಮೆಲ್ಲಗೆ.

"ಹೇಳ್ರಿ ಚಾಚಾ. ನಾ ಎಲ್ಲೂ ಹೋಗಂಗಿಲ್ಲ," ಎಂದ ಆಂಜನೇಯ. ಹೋಗಲು ಅವನಿಗೆ ಸಾಧ್ಯವೂ ಇರಲಿಲ್ಲ.

ಮಾತಿನ ಬದಲು ರೌಫ್‌ಸಾಬರು ಅವನನ್ನು ಹಿತ್ತಲಿಗೆ ಕರೆದೊಯ್ದರು. ಎಣ್ಣೆಯಲ್ಲಿ ಅದ್ದಿ ಹದ ಕೊಡದೆ ಉಳಿದಿದ್ದ ಒಂದು ಪಿನ್ನನ್ನು ಕಬ್ಬಿಣ ಬಿಗಿಹಿಡಿಯುವ ವೈಸಿನಲ್ಲಿ ಅಡ್ಡ ಹಿಡಿಸಿ, ಚೂರು ಸಿಡಿಯದಂತೆ ಮೇಲೆ ಗೋಣಿಚೀಲ ಹೊದಿಸಿ, ಸುತ್ತಿಗೆಯಿಂದ ಒಂದೇಟು ಹಾಕಿದರು. ಚೀಲ ಎತ್ತಿದರೆ ತುಂಡುಗಳು. ಮುರಿದ ಜಾಗ ಸಕ್ಕರೆಯಂತೆ ಮಿನುಗುತ್ತಿತ್ತು. ಆಂಜನೇಯನಿಗೆ ಆ ಮಿನುಗು ಚೆನ್ನಾಗಿ ಪರಿಚಯವಿತ್ತು. ಇಡೀ ತಾಲೂಕು ಅದನ್ನು ತಂದು ಅವನಿಗೆ ತೋರಿಸಿತ್ತು. ಆಮೇಲೆ ಒಳಗಿನಿಂದ, ಹಿಂದೊಮ್ಮೆ ನಾನ್‌ಖಟಾಯಿಯ ಜೊತೆ ಬೆಂದ ಇನ್ನೊಂದು ಪಿನ್ನು ತಂದರು. ಅದರ ಮೈಮೇಲೆ ತೆಳುವಾದ ಒಣಹುಲ್ಲಿನ ಬಣ್ಣ. ಅದಕ್ಕೂ ಅಂಥದೇ ಏಟು. ಸುತ್ತಿಗೆ ಠಣ್ಣೆಂದು ಮೇಲಕ್ಕೆ ಚಿಮ್ಮಿತು. ಪಿನ್ನು ಕೂತಲ್ಲೇ ಕೂತಿತ್ತು.

"ಇಷ್ಟೇನಾ?" ಎಂದ ಆಂಜನೇಯ.

"ಇಷ್ಟ."

"ಓವನ್ನಾಗ ಇಡೋದು?"

"ಅವತ್ತ ಕರದೆ. ನೀ ಶುಗರ್ ಅಂದಿ."

ಆಂಜನೇಯ ಹಣೆ ಹಣೆ ಬಡಿದುಕೊಂಡ. ನಗಬೇಕೋ ಅಳಬೇಕೋ ತಿಳಿಯದೆ ಗೋಣಿಚೀಲದ ಮೇಲೆ ಕೂತುಬಿಟ್ಟ. ನಸೀಮಾಬಿ ಹಿಟ್ಟು ಒರೆಸಿ ಫೋನು ವಾಪಸು ಕೊಟ್ಟಳು. ಅವನು ಅದನ್ನು ನೋಡದೆ ಜೇಬಿಗೆ ಹಾಕಿಕೊಂಡು, ಮತ್ತೊಂದಿಷ್ಟು ಹೊತ್ತು ಕೂತು, ಕಾವು ಎಷ್ಟು, ಎಷ್ಟು ಹೊತ್ತು, ಬಣ್ಣ ಹೇಗೆ ಗುರುತಿಸುವುದು ಎಂದೆಲ್ಲ ಕೇಳಿ ತಿಳಿದುಕೊಂಡ.

ಅವನು ಸ್ವಂತ ಓವನ್ನು ತಂದ. ಮುರಿದ ಪಿಸ್ಟನ್ನುಗಳಿಗೆ ಬದಲಿ ಕೊಟ್ಟ. ಹೊಸ ಪಿನ್ನುಗಳು ಒಡೆಯಲಿಲ್ಲ. ಇಷ್ಟು ಆದ ಮೇಲೆ ಪೊಟ್ಟಣದ ಮೇಲೆ ಹದ ಕೊಟ್ಟ ಪಿನ್ನು ಎಂದು ಬರೆಸಬಹುದಿತ್ತು. ಹಾಗೆ ಬರೆಸಿ ಒಂದಿಷ್ಟು ದಿನ ನೋಡಿಯೂ ನೋಡಿದ. ಯಾರೂ ಕೊಳ್ಳಲಿಲ್ಲ. ಹದ ಎಂದರೆ ಗಡಸು ಇಳಿಸಿದ್ದು, ಗಡಸು ಇಳಿಸಿದ್ದು ಎಂದರೆ ಕಲಬೆರಕೆ ಎಂದು ಜನ ತಿಳಿದರು. ಮತ್ತೆ ಕಾಯಿಯೂ ಕಿರಣಗಳೂ ಬಂದವು. ಅದರ ಕೆಳಗೆ ಹೊಸದಾಗಿ 'ಗುಪ್ತ ವಿಧಾನ' ಎಂದು ಸೇರಿತು. ವಿರುಪಣ್ಣ ಮೊದಲಿಗನಾಗಿ ಬಂದು ಎರಡು ಪೊಟ್ಟಣ ಒಯ್ದು, ಅಮ್ಮನ ಸಿಟ್ಟು ಇಳಿದಿದೆ ಎಂದು ಎಲ್ಲರಿಗೂ ಸಾರಿದ. ಮಾರೆವ್ವನ ಚಿಪ್ಪಿಗೆ ಗಿರಾಕಿ ತಪ್ಪಲಿಲ್ಲ.

ಈಗ ಮಧ್ಯಾಹ್ನವಾದರೆ ರೌಫ್‌ಸಾಬರು ಆಂಜನೇಯನ ಅಂಗಡಿಗೆ ಬಂದು ಕೂರುತ್ತಾರೆ. ಬಂದ ಗಿರಾಕಿಗಳಿಗೆಲ್ಲ ಆ ಗುಪ್ತ ವಿಧಾನವನ್ನು ಮೊದಲಿನಿಂದ ಕೊನೆಯವರೆಗೆ ಬಾಯಿ ತುಂಬ ಹೇಳುತ್ತಾರೆ. ಒಮ್ಮೆ ಸಂಘದ ಅಯ್ಯಪ್ಪನಿಗೆ ಇದು ಆತಂಕವಾಯಿತು.

"ಅಲ್ಲೋ ಆಂಜನೇಯ, ಅವರು ಎಲ್ಲಾ ಹೇಳಾಕತ್ಯಾರ. ನಿನ್ನ ಗುಟ್ಟು ಉಳೀತತೇನು?"

"ಹೇಳ್ಲಿ ಬಿಡ್ರಿ ಸರ," ಎಂದ ಆಂಜನೇಯ ಪೊಟ್ಟಣ ಕಟ್ಟುತ್ತ. "ನನ್ನ ಗುಟ್ಟಿಗೆ ಚಾಚಾನಗಿಂತ ಛಲೋ ಕಾವಲುಗಾರ ಸಿಗಂಗಿಲ್ಲ."

ಈ ಮಾತು ರೌಫ್‌ಸಾಬರ ಕಿವಿಗೂ ಬಿತ್ತು. ಅವರು ಎರಡು ದಿನ ಅಂಗಡಿಗೆ ಹೋಗಲಿಲ್ಲ. ಮನೆಯಲ್ಲೂ ಮಾತಾಡಲಿಲ್ಲ. ನಸೀಮಾಬಿಗೆ ಮೊದಲ ದಿನ ಹಾಯೆನಿಸಿತು. ಎರಡನೆಯ ದಿನ ಹೆದರಿಕೆಯಾಗಿ, ಡಾಕ್ಟರರ ಬಳಿ ಹೋಗೋಣವೇ ಎಂದು ಕೇಳಿದಳು. ಮೂರನೆಯ ದಿನ ಅವಳೇ ಅವರನ್ನು ಅಂಗಡಿಗೆ ಅಟ್ಟಿದಳು.

ಅಂದು ಯಲಬುರ್ಗಾ ಕಡೆಯಿಂದ ಅಮೃತಾ ಎಂಬ ಹೆಣ್ಣುಮಗಳು ಔಷಧ ಹೊಡೆಯುವ ಯಂತ್ರ ಹೊತ್ತು ತಂದಿದ್ದಳು. ಊರಲ್ಲಿ ಅದನ್ನು ಬಾಡಿಗೆಗೆ ಕೊಟ್ಟು, ತಾನೇ ಬಿಚ್ಚಿ ಜೋಡಿಸುವವಳು. ಆಂಜನೇಯ ಅದರ ಪಿನ್ನು ಹುಡುಕುತ್ತಿದ್ದಾಗ, ರೌಫ್‌ಸಾಬರು ಅಷ್ಟೇನೂ ಹುರುಪಿಲ್ಲದೆ, ರೂಢಿಯ ಮೇಲೆ ಶುರು ಮಾಡಿದರು. ಅವಳು ಕಟ್ಟೆಗೆ ಒರಗಿ ನಿಂತು, ಯಂತ್ರದ ಮೇಲಿನ ಧೂಳು ಒರೆಸುತ್ತಿದ್ದಳು. ಕೇಳುತ್ತಿರುವಳೆಂದು ಅನ್ನಿಸುತ್ತಿರಲಿಲ್ಲ. ರೌಫ್‌ಸಾಬರು ಓವನ್ನಿಗೆ ಬಂದು ನಿಲ್ಲಿಸಿದರು.

"ಅಜ್ಜಾರ," ಎಂದಳು ಅಮೃತಾ ತಲೆಯೆತ್ತಿ, "ನಮ್ಮೂರಾಗ ಓವನ್ ಇಲ್ಲ. ಮರಳು ಕಾಸಿ ಅದರಾಗ ಹುಗದ್ರ ನಡೀತತೇನ್ರಿ? ಶೇಂಗಾ ಹುರೀತಾರಲ್ಲ, ಹಂಗ?"

ರೌಫ್‌ಸಾಬರು ಅವಳನ್ನು ನೋಡಿದರು. ಆಂಜನೇಯನ ಕಡೆ ನೋಡಿದರು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ನಡೀತತವ್ವ," ಎಂದರು. "ಸಣ್ಣ ಉರಿ ಇಟ್ಟು ತಿರುವ್ಕೋಂತ ಇರು. ಒಣಹುಲ್ಲಿನ ಬಣ್ಣ ಬಂದ ಕೂಡ್ಲೇ ತಗದುಬಿಡು."

ಅಷ್ಟೇ ಹೇಳಿದರು. ಅವಳು ತಲೆಯಾಡಿಸಿ, ಪಿನ್ನು ತೆಗೆದುಕೊಂಡು, ಯಂತ್ರ ಹೊತ್ತು ಬಸ್ಸಿಗೆ ನಡೆದಳು. ರೌಫ್‌ಸಾಬರು ಅಂದು ಬೇಗ ಮನೆಗೆ ಬಂದರು. ನಸೀಮಾಬಿ ಹಿಟ್ಟು ನಾದುತ್ತಿದ್ದಳು. ಅವಳ ಎದುರು ಕೂತು, "ಇವತ್ತ ಒಬ್ಬಾಕಿ ಪ್ರಶ್ನಿ ಕೇಳಿದ್ಳು," ಎಂದರು. ಯಾವ ಪ್ರಶ್ನೆ ಎಂದು ನಸೀಮಾಬಿ ಕೇಳಿದಳು. ಅವರು ಹೇಳಿದರು. ಅವಳು ಕೈ ನಿಲ್ಲಿಸಿ, "ಮರಳು ಆದ್ರ ನಾನ್‌ಖಟಾಯಿಗೆ ಎಣ್ಣಿ ವಾಸನಿ ಬರಂಗಿಲ್ಲಲ್ಲ," ಎಂದು ಯೋಚಿಸಿ, "ನಾಳಿಂದ ನೀವೂ ಮರಳಾಗ ಮಾಡ್ರಿ. ನನ್ನ ಓವನ್ ನನಗ ಬಿಡ್ರಿ" ಎಂದಳು.